ಓದಿನ ಸುಖವೂ ಇ-ಪುಸ್ತಕವೂ

‘ಓದು’ ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಪುಸ್ತಕವನ್ನು ಕೈಯಲ್ಲಿ ಹಿಡಿದು ಓದುವುದು ಒಂದು. ಶಾಲೆ ಕಾಲೇಜುಗಳಲ್ಲಿ ಕಲಿತು ತೇರ್ಗಡೆಯಾಗುವುದು ಮತ್ತೊಂದು. “ಹುಡುಗನ ಓದು ಮುಗಿಯಿತು, ಇನ್ನು ಕೆಲಸ ನೋಡಬೇಕು” ಎಂದು ತಂದೆತಾಯಿಗಳು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಎರಡನೆಯ ಅರ್ಥ. ಆದರೆ ಆ ಮಾತನ್ನಾಡಿದ ದಿನವೇ ಮೊದಲನೆಯ ಅರ್ಥದ ಓದೂ ಮುಗಿದುಹೋಗುವುದು ನಮ್ಮ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಮುಂಬಯಿಯಂತಹ ನಗರದಲ್ಲಿ ಕನ್ನಡ ಮಾಧ್ಯಮದಿಂದ ಕಲಿತವರ ಪಾಲಿಗೆ ಇದು ಇನ್ನೂ ಬೇಗನೆ ಒದಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತೆಂದರೆ ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ, ಬೀದಿಯ ಫಲಕ ಮರಾಠಿಯಲ್ಲಿ, ಗೆಳೆಯರ ಮಾತು ಹಿಂದಿಯಲ್ಲಿ. ಕನ್ನಡ ಪುಸ್ತಕ ದೊರೆಯುವ ಅಂಗಡಿಗಳು ವಿರಳ. ಅವನ್ನು ಹುಡುಕಿಕೊಂಡು ಲೋಕಲ್ ಗಾಡಿಯನ್ನು ಎರಡು ಕಡೆ ಬದಲಾಯಿಸಿ ಹೋಗುವಷ್ಟು ಉತ್ಸಾಹ ಎಷ್ಟು ಮಂದಿಗಿದ್ದೀತು? ಹತ್ತು ವರ್ಷ ಶ್ರಮಪಟ್ಟು ಕಲಿತ ಅಕ್ಷರಗಳು ಹದಿನಾರನೆಯ ವಯಸ್ಸಿಗೇ ಕೆಲಸವಿಲ್ಲದೆ ಕುಳಿತುಬಿಡುತ್ತವೆ.

ಆದಕಾರಣ ಇ-ಪುಸ್ತಕದ ವಿಚಾರವನ್ನು ನಾವು ದೂರ ನಿಂತು ನೋಡುವಂತಿಲ್ಲ. ಬೆಂಗಳೂರು ಧಾರವಾಡಗಳಲ್ಲಿರುವವರು ಕಾಗದ ಮೇಲೋ ತೆರೆ ಮೇಲೋ ಎಂದು ವಿರಾಮವಾಗಿ ವಾದಿಸಬಹುದು. ಅವರಿಗೆ ಎರಡೂ ಕೈಗೆಟಕುತ್ತವೆ. ನಮ್ಮ ಮುಂದಿರುವ ಪ್ರಶ್ನೆ ಶಾಲೆಯನ್ನು ಬಿಟ್ಟ ಮೇಲೆ ಕನ್ನಡದಲ್ಲಿ ಓದುವೆವೋ ಇಲ್ಲವೋ ಎಂಬುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಓದಿನ ಸುಖವೆಂದರೆ ಏನು, ಪುಸ್ತಕದ ರೂಪವು ಬದಲಾದಾಗ ಆ ಸುಖವು ಯಾವ ಮಾರ್ಪಾಡು ಹೊಂದುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ. ಪುಸ್ತಕದ ರೂಪವು ಬದಲಾಗುತ್ತಿರುವುದು ಇದೇ ಮೊದಲ ಸಲವಲ್ಲವಾದುದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುವುದು ಯುಕ್ತ.

ಪಂಪನ ಕಾವ್ಯವೂ ಬಸವಣ್ಣನವರ ವಚನಗಳೂ ಶತಮಾನಗಳನ್ನು ದಾಟಿ ಬಂದುದು ಓಲೆಗರಿಗಳ ಮೇಲೆ. ತಾಳೆಯ ಗರಿಗಳನ್ನು ಒಣಗಿಸಿ, ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಠವೆಂಬ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಗೀರುಗಳಲ್ಲಿ ಕಾಡಿಗೆಯನ್ನು ತಿಕ್ಕಿ ಒರೆಸಿದರೆ ಬರಹವು ಕಪ್ಪಾಗಿ ಎದ್ದು ಕಾಣುತ್ತಿತ್ತು. ಗರಿಗಳ ರಂಧ್ರದಲ್ಲಿ ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯನ್ನಿಟ್ಟು ಬಿಗಿದರೆ ಒಂದು ಕಟ್ಟು ಸಿದ್ಧವಾಯಿತು. ಗರಿಯ ಮೇಲಿನ ಸ್ಥಳವು ಅಮೂಲ್ಯವಾದುದು. ಆದುದರಿಂದ ಪದಪದಗಳ ನಡುವೆ ಅಂತರವಿಲ್ಲ, ಅಲ್ಪವಿರಾಮವಿಲ್ಲ, ಪ್ರಶ್ನಾರ್ಥಕ ಚಿಹ್ನೆಯಿಲ್ಲ, ಪದ್ಯದ ಪಾದಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಯುವ ಪದ್ಧತಿಯೂ ಇಲ್ಲ. ಎಲ್ಲವೂ ಒಂದೇ ಪ್ರವಾಹ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಆರಂಭವಾಯಿತೆಂಬುದನ್ನು ಓದುವವನೇ ಬಿಡಿಸಿಕೊಳ್ಳಬೇಕು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸನಿಯಮವನ್ನು ನೀವು ವ್ಯಾಕರಣದ ಪಾಠದಲ್ಲಿ ಬಾಯಿಪಾಠ ಮಾಡಿದ್ದೀರಿ. ಕಿವಿಗೆ ಇಂಪು ಕೊಡುವುದರ ಜೊತೆಗೆ, ಗೆರೆಯಿಲ್ಲದ ಆ ಬರಹದಲ್ಲಿ ಪಾದವು ಎಲ್ಲಿ ಆರಂಭವಾಗುತ್ತದೆಂದು ತೋರಿಸುವ ಮೈಲುಗಲ್ಲೂ ಆಗಿ ಅದು ಓದುಗನಿಗೆ ಉಪಕಾರ ಮಾಡುತ್ತಿತ್ತೆಂದು ನನಗೆ ತೋರುತ್ತದೆ.

ಹೀಗಿರಲು ಅಂದಿನ ಓದು ಬಹುಮಟ್ಟಿಗೆ ಧ್ವನಿಯ ಓದೇ ಆಗಿತ್ತು. ಓದಬಲ್ಲವನು ಒಬ್ಬ, ಕೇಳುವವರು ಹಲವರು. ಮಳೆಗಾಲದ ರಾತ್ರಿಯಲ್ಲಿ ಊರಿನ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸ ಭಾರತವನ್ನು ರಾಗವಾಗಿ ವಾಚಿಸುವರು, ಇನ್ನೊಬ್ಬರು ಅರ್ಥ ಹೇಳುವರು. ಅಕ್ಷರ ಬಾರದ ಒಕ್ಕಲಿಗನೂ, ಕೈಯಲ್ಲಿ ಬತ್ತಿ ಹೊಸೆಯುತ್ತ ಕುಳಿತ ಅಜ್ಜಿಯೂ ಕರ್ಣನಿಗಾಗಿ ಕಣ್ಣೀರು ಸುರಿಸುವರು. ಗಮಕವೆಂಬ ಈ ಕಲೆಯು ಕರ್ನಾಟಕದಲ್ಲಿ ಇಂದಿಗೂ ಜೀವಂತವಾಗಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ಜನರನ್ನು ಹೊಗಳುವಾಗ, ಅವರು ವಿಶೇಷವಾಗಿ ಓದದೆಯೇ ಕಾವ್ಯದಲ್ಲಿ ಪರಿಣತರಾದವರೆಂದು ಹೇಳಿರುವುದು ಪ್ರಸಿದ್ಧವಾಗಿದೆ. ಕೇಳುತ್ತ ಬೆಳೆದವರ ಪರಿಣತಿ ಅದು. ಆ ಕಾಲದ ಓದಿನ ಸುಖದಲ್ಲಿ ಪಾಲಿತ್ತು, ಸಹವಾಸವಿತ್ತು. ಕಥೆಯನ್ನು ನಾಳೆಯ ರಾತ್ರಿಗೆ ನಿಲ್ಲಿಸಿ ಎದ್ದುಹೋಗುವ ವಾಚಕನ ಮೇಲೆ ಹುಸಿಮುನಿಸೂ ಇತ್ತು.

ಅಚ್ಚಿನ ವಿದ್ಯೆಯು ಈ ವ್ಯವಸ್ಥೆಯನ್ನು ಕದಲಿಸಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನು, ಕನ್ನಡದ ಮೊದಲ ಪತ್ರಿಕೆ ಅದೇ. ಕಲ್ಲಚ್ಚಿಗೆ ಆರಂಭದಲ್ಲಿ ಮನ್ನಣೆ ದೊರೆತುದಕ್ಕೆ ಕಾರಣವುಂಟು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡ ಚಿಕ್ಕ ಎರಡು ರೂಪಗಳ ಮೊಳೆಗಳು ಸಾಕು. ನಮ್ಮ ಲಿಪಿಗಾದರೋ ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳು ಬೇಕು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ಆ ತೊಡಕಿಲ್ಲ. ಮುಂದೆ ಮೊಳೆಗಳು ಸಿದ್ಧವಾದ ಮೇಲೆ, ಅಕ್ಷರ ಜೋಡಿಸುವವರು ಮನೆಮನೆಗಳಿರುವ ಮರದ ಪೆಟ್ಟಿಗೆಗಳ ಮುಂದೆ ನಿಂತು, ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕಾಗಿ ತುಂಡುಗಳನ್ನು ಹುಡುಕಿ ಕೂಡಿಸುತ್ತಿದ್ದ ಶ್ರಮವನ್ನು ಇಂದು ಊಹಿಸುವುದೂ ಕಷ್ಟ.

ಅಚ್ಚಿನ ಪುಟದಲ್ಲಿ ಪದಗಳ ನಡುವೆ ಅಂತರ ಬಂದಿತು, ವಿರಾಮಚಿಹ್ನೆ ಬಂದಿತು, ಪುಟದ ಸಂಖ್ಯೆ ಬಂದಿತು. ಪದ ಬಿಡಿಸುವ ಕೆಲಸ ಓದುಗನಿಗೆ ತಪ್ಪಿದುದರಿಂದ ಕಣ್ಣು ಧ್ವನಿಗಿಂತ ಮುಂದೆ ಓಡತೊಡಗಿತು. ತುಟಿ ಅಲುಗದೆ ಓದುವ ಏಕಾಂತದ ಸುಖವು ಸಾಮಾನ್ಯರಿಗೂ ಲಭಿಸಿತು. ೧೮೯೯ರಲ್ಲಿ ಮಂಗಳೂರಿನಿಂದ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಯಾರೂ ಜಗಲಿಯಲ್ಲಿ ಕುಳಿತು ರಾಗವಾಗಿ ಹಾಡಬೇಕಾಗಿರಲಿಲ್ಲ. ವಿಧವೆಯೊಬ್ಬಳ ಕಷ್ಟವನ್ನೂ ಅವಳ ಮರುವಿವಾಹವನ್ನೂ ಹೇಳುವ ಆ ಕಾದಂಬರಿಯನ್ನು ಅಂದಿನ ಹೆಣ್ಣುಮಗಳು ಹತ್ತು ಜನರ ನಡುವೆ ಕೇಳುವುದಕ್ಕಿಂತ ದೀಪದ ಬೆಳಕಿನಲ್ಲಿ ಒಬ್ಬಳೇ ಓದುವುದೇ ಹೆಚ್ಚು ಸುಲಭವಾಗಿತ್ತು. ಕಾದಂಬರಿಯೆಂಬ ಪ್ರಕಾರವೇ ಏಕಾಂತದ ಓದಿನ ಕೂಸು ಎನ್ನಬೇಕು.

ಹಾಗೆಂದು ಪುಸ್ತಕಗಳು ತಾವಾಗಿ ನಡೆದು ಓದುಗರ ಮನೆಗೆ ಬರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಚದರಿಹೋಗಿದ್ದ ವಚನಗಳನ್ನು ಕೂಡಿಸಿ ‘ವಚನಶಾಸ್ತ್ರಸಾರ’ವನ್ನು ೧೯೨೩ರಲ್ಲಿ ಹೊರತಂದರು, ಅನಂತರ ವಿಜಾಪುರದಲ್ಲಿ ತಮ್ಮದೇ ಮುದ್ರಣಾಲಯವನ್ನು ನಡೆಸುವುದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಧಾರವಾಡದಲ್ಲಿ ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲೇ ಕೂಡಿಸಿಕೊಂಡು ಅವರಿಗೆ ಪುಸ್ತಕಗಳನ್ನು ಕಳುಹಿಸುವ ಪದ್ಧತಿಯನ್ನು ಬೆಳೆಸಿತು. ನಮ್ಮ ಈ ನಗರದಲ್ಲಿಯೂ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಯ ಶಾಲೆಯಲ್ಲಿ ಅಕ್ಷರ ಕಲಿತ ಕನ್ನಡಿಗರ ತಲೆಮಾರುಗಳಾಗಿ ಹೋದವು. ಊರಿನಿಂದ ಯಾರಾದರೂ ಒಂದು ಕಾದಂಬರಿ ತಂದರೆ ಅದು ಹತ್ತು ಕೈ ಬದಲಾಗಿ, ರಟ್ಟು ಕಿತ್ತು, ಮೊದಲ ಪುಟ ಹರಿದು, ಲೇಖಕರ ಹೆಸರೇ ತಿಳಿಯದಂತಾದ ಮೇಲೂ ಓದಿಸಿಕೊಳ್ಳುತ್ತಿತ್ತು.

ಮುದ್ರಿತ ಪುಸ್ತಕದ ಸುಖಗಳಲ್ಲಿ ಕಣ್ಣಿಗೆ ಸೇರದವು ಎಷ್ಟೋ ಇವೆ. ಹೊಸ ಪಠ್ಯಪುಸ್ತಕದ ವಾಸನೆ, ಹಳೆಯ ಪುಸ್ತಕದ ಬೇರೊಂದು ವಾಸನೆ, ಪುಟದ ಅಂಚಿನಲ್ಲಿ ಹಿಂದಿನ ವರ್ಷದ ಹುಡುಗನು ಬರೆದಿಟ್ಟ ಅರ್ಥ (ಅದು ಕೆಲವೊಮ್ಮೆ ತಪ್ಪು ಅರ್ಥ!), ಮರಿ ಹಾಕುತ್ತದೆಂದು ನಂಬಿ ಪುಟಗಳ ನಡುವೆ ಇಟ್ಟ ನವಿಲುಗರಿ. ಪುಸ್ತಕಕ್ಕೆ ಕಾಲು ತಾಗಿದರೆ ತಟಕ್ಕನೆ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಗಳ ಸಂಸ್ಕಾರ. ಮೊಬೈಲಿಗೆ ಕಾಲು ತಾಗಿದರೆ ಯಾರೂ ಹಾಗೆ ಮಾಡುವುದನ್ನು ನಾನು ಕಂಡಿಲ್ಲ. ಅದರೊಳಗೆ ಕುಮಾರವ್ಯಾಸನೂ ರನ್ನನೂ ಒಟ್ಟಿಗೆ ಕುಳಿತಿದ್ದರೂ ಅವರಿಗೆ ಆ ಗೌರವವಿಲ್ಲ.

ಇನ್ನು ಇ-ಪುಸ್ತಕದ ವಿಚಾರ. ಅಮೆರಿಕದಲ್ಲಿ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿಯು ೧೯೭೧ರ ಜುಲೈ ೪ರಂದು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ವಿಶ್ವವಿದ್ಯಾಲಯದ ಗಣಕದಲ್ಲಿ ಬೆರಳಚ್ಚು ಮಾಡಿ, ಬೇಕಾದವರು ತೆಗೆದುಕೊಳ್ಳಲೆಂದು ಇರಿಸಿದನು. ಗುಟೆನ್‌ಬರ್ಗ್ ಯೋಜನೆಯೆಂದು ಹೆಸರಾದ ದೊಡ್ಡ ಉಚಿತ ಗ್ರಂಥಭಂಡಾರವು ಆರಂಭವಾದುದು ಹೀಗೆ. ಅಮೆಜಾನ್ ಸಂಸ್ಥೆಯು ಕಿಂಡಲ್ ಎಂಬ ಓದುವ ಯಂತ್ರವನ್ನು ೨೦೦೭ರ ನವೆಂಬರಿನಲ್ಲಿ ಮಾರಾಟಕ್ಕೆ ತಂದಿತು. ಇಂತಹ ಯಂತ್ರಗಳ ತೆರೆಯಲ್ಲಿ ಕೂದಲಿನ ದಪ್ಪದ ಅಸಂಖ್ಯ ಗುಳಿಗೆಗಳಿರುತ್ತವೆ. ಒಂದೊಂದರೊಳಗೂ ಬಿಳಿಯ ಮತ್ತು ಕರಿಯ ಕಣಗಳು, ಪರಸ್ಪರ ವಿರುದ್ಧವಾದ ವಿದ್ಯುದಂಶವುಳ್ಳವು. ಬೇಕಾದಲ್ಲಿ ಕರಿಯ ಕಣಗಳನ್ನು ಮೇಲಕ್ಕೆ ಎಳೆದರೆ ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟವು ವಿದ್ಯುತ್ತಿನ ಸಹಾಯವಿಲ್ಲದೆಯೇ ನಿಲ್ಲುವುದರಿಂದ ಪುಟ ತಿರುಗಿಸುವಾಗ ಮಾತ್ರ ಶಕ್ತಿ ವ್ಯಯವಾಗುತ್ತದೆ. ಕಾಗದದಂತೆಯೇ ಹೊರಗಿನ ಬೆಳಕಿನಿಂದ ಓದಬಹುದಾದ ಇದು ಮೊಬೈಲಿನ ಹೊಳೆಯುವ ತೆರೆಗಿಂತ ಕಣ್ಣಿಗೆ ಹಿತ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅಂತಹ ಯಂತ್ರವುಳ್ಳವರು ಯಾರು? ಇರುವುದು ಮನೆಗೊಂದು ಮೊಬೈಲು, ಅದೂ ತಂದೆ ಕೆಲಸದಿಂದ ಬಂದ ಮೇಲೆ. ಆದುದರಿಂದ ಅದನ್ನೇ ಮನಸ್ಸಿನಲ್ಲಿಟ್ಟು ಮುಂದಿನ ಮಾತುಗಳನ್ನು ಹೇಳುತ್ತೇನೆ.

ಕನ್ನಡದ ಇ-ಪುಸ್ತಕಗಳಲ್ಲಿ ಎರಡು ಜಾತಿಗಳಿವೆ. ಇವುಗಳ ಭೇದವನ್ನು ತಿಳಿಯದಿದ್ದರೆ ಓದುಗನಿಗೆ ಬೇಸರವೇ ಗತಿ. ಮೊದಲನೆಯದು ಚಿತ್ರ-ಪುಸ್ತಕ. ಮುದ್ರಿತ ಗ್ರಂಥದ ಒಂದೊಂದು ಪುಟದ ಛಾಯಾಚಿತ್ರವನ್ನು ತೆಗೆದು ಕಟ್ಟಿಟ್ಟುದು. ಭಾರತ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಹೀಗೆ ತೆಗೆದ ಸಾವಿರಾರು ಕನ್ನಡ ಗ್ರಂಥಗಳು ಇಂದು ಅಂತರಜಾಲದ ‘ಇಂಟರ್ನೆಟ್ ಆರ್ಕೈವ್’ ಎಂಬ ಭಂಡಾರದಲ್ಲಿ ದೊರೆಯುತ್ತವೆ. ಅಂಗಡಿಯಲ್ಲಿ ಎಂದೋ ಕಾಣೆಯಾದ ಪುಸ್ತಕವನ್ನು ಅಲ್ಲಿ ಕಂಡಾಗ ಆಗುವ ಹರ್ಷವು ಹೇಳತೀರದು. ಆದರೆ ಮೊಬೈಲಿನ ಸಣ್ಣ ತೆರೆಯಲ್ಲಿ ಅದನ್ನು ಹಿಗ್ಗಿಸಿದರೆ ಸಾಲಿನ ಅರ್ಧವು ಹೊರಗೆ ಹೋಗುತ್ತದೆ, ಕುಗ್ಗಿಸಿದರೆ ಒತ್ತಕ್ಷರಗಳು ಇರುವೆಗಳಾಗುತ್ತವೆ. ಎರಡನೆಯದು ಅಕ್ಷರ-ಪುಸ್ತಕ. ಇಲ್ಲಿ ಪ್ರತಿಯೊಂದು ಅಕ್ಷರವೂ ಗಣಕಕ್ಕೆ ಅಕ್ಷರವಾಗಿಯೇ ತಿಳಿದಿರುತ್ತದೆ. ಹಿಗ್ಗಿಸಿದರೆ ಸಾಲುಗಳು ತಾವಾಗಿ ಮುರಿದುಕೊಂಡು ತೆರೆಯೊಳಗೇ ನಿಲ್ಲುತ್ತವೆ, ಪದವನ್ನು ಹುಡುಕಬಹುದು, ಯಂತ್ರದಿಂದ ಗಟ್ಟಿಯಾಗಿ ಓದಿಸಿ ಕೇಳಬಹುದು. ಕಣ್ಣು ಮಂಜಾದ ಅಜ್ಜನಿಗೂ, ಕಣ್ಣೇ ಇಲ್ಲದ ವಿದ್ಯಾರ್ಥಿಗೂ ಇದು ವರಪ್ರಾಯವಾದುದು. ಯಂತ್ರದ ವಾಚನಕ್ಕೆ ಗಮಕಿಯ ಸೊಗಸು ಬರಲಾರದು, ಎಲ್ಲಿ ನಿಲ್ಲಬೇಕೆಂಬುದೇ ಅದಕ್ಕೆ ಗೊತ್ತಿಲ್ಲ, ಆದರೂ ಕೇಳುವ ಓದು ಹೀಗೊಂದು ಬಗೆಯಲ್ಲಿ ಮರಳಿದೆ.

ಕನ್ನಡದಲ್ಲಿ ಅಕ್ಷರ-ಪುಸ್ತಕಗಳು ತಡವಾಗಿ ಬಂದುದೇಕೆ? ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಬಹುಕಾಲ ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳಿಗೆ ತನಗೆ ತೋಚಿದ ಸಂಖ್ಯೆಗಳನ್ನು ಕೊಟ್ಟಿತ್ತು. ಒಂದು ಕಚೇರಿಯಲ್ಲಿ ಬರೆದುದನ್ನು ಇನ್ನೊಂದು ಕಚೇರಿಯ ಗಣಕದಲ್ಲಿ ತೆರೆದರೆ ಇಂಗ್ಲಿಷಿನ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ರಾಶಿ ಕಾಣುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಪದ್ಧತಿಯನ್ನು ಕೊಡುವ ಯುನಿಕೋಡ್ ೧೯೯೧ರಲ್ಲಿ ಮೊದಲು ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿತ್ತು. ಆದರೆ ನಮ್ಮ ಮುದ್ರಣಾಲಯಗಳು ಹಳೆಯ ಪದ್ಧತಿಯನ್ನು ಬಿಡಲು ಬಹಳ ವರ್ಷಗಳು ಹಿಡಿದವು. ಅಮೆಜಾನ್ ಸಂಸ್ಥೆಯು ೨೦೧೬ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳ ಪುಸ್ತಕಗಳನ್ನು ಕಿಂಡಲಿಗೆ ತಂದಾಗ ಆ ಐದರಲ್ಲಿ ಕನ್ನಡವಿರಲಿಲ್ಲ. ಕನ್ನಡಿಗರೇ ಮೈಲ್ಯಾಂಗ್ ಮೊದಲಾದ ಸ್ವಂತ ಮಾರಾಟ ವ್ಯವಸ್ಥೆಗಳನ್ನು ಕಟ್ಟಿಕೊಂಡರು. ಕರ್ನಾಟಕ ಸರ್ಕಾರದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ೨೦೨೦ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು.

ಅಕ್ಷರ-ಪುಸ್ತಕದಿಂದಾಗುವ ಲಾಭಕ್ಕೆ ‘ವಚನ ಸಂಚಯ’ವೆಂಬ ಜಾಲತಾಣವೇ ಸಾಕ್ಷಿ. ಸುಮಾರು ೨೦,೦೦೦ ವಚನಗಳನ್ನು ಅಲ್ಲಿ ಕೂಡಿಸಿಟ್ಟಿದ್ದಾರೆ. ‘ಕಾಯಕ’ ಎಂಬ ಪದವು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ನೋಡಬೇಕಾದರೆ ಹಿಂದೆ ಹದಿನೈದು ಸಂಪುಟಗಳನ್ನು ತಿರುವಿಹಾಕಬೇಕಾಗಿತ್ತು. ಇಂದು ಒಬ್ಬ ಒಂಬತ್ತನೆಯ ತರಗತಿಯ ಹುಡುಗಿ ಒಂದು ನಿಮಿಷದಲ್ಲಿ ನೋಡಬಲ್ಲಳು. ಆದರೆ ಈ ಹುಡುಕಾಟದಲ್ಲಿ ಒಂದು ಸ್ವಾರಸ್ಯವಿದೆ. ಯಂತ್ರಕ್ಕೆ ಸಂಧಿ ತಿಳಿಯದು. ‘ಕಾಲ’ ಎಂದು ಹುಡುಕಿದರೆ ‘ಮಳೆಗಾಲ’ವು ಸಿಕ್ಕದು; ‘ತಾವರೆ’ ಎಂದು ಹುಡುಕಿದರೆ ‘ಬೆಟ್ಟದಾವರೆ’ ತಪ್ಪಿಸಿಕೊಳ್ಳುತ್ತದೆ; ‘ಪನಿ’ಯನ್ನು ಹುಡುಕುವವನಿಗೆ ‘ಕಂಬನಿ’ ಕಾಣುವುದೇ ಇಲ್ಲ. ‘ಊರು’ ಎಂದು ಬರೆದರೆ ‘ಊರಿಗೆ’, ‘ಊರಲ್ಲಿ’ ಎಂಬ ರೂಪಗಳೆಲ್ಲ ಹೊರಗುಳಿಯುತ್ತವೆ. ‘ಊರ’ ಎಂದಷ್ಟೇ ಬರೆದರೆ ಬಹುಮಟ್ಟಿಗೆ ಎಲ್ಲವೂ ಬಲೆಗೆ ಬೀಳುತ್ತವೆ. ಆದೇಶಸಂಧಿ ಲೋಪಸಂಧಿಗಳು ಪರೀಕ್ಷೆಯಲ್ಲಿ ಎರಡು ಅಂಕಗಳಿಗಾಗಿ ಮಾತ್ರ ಇವೆಯೆಂದು ತಿಳಿದವರು ಇದನ್ನೊಮ್ಮೆ ತಾವೇ ಮಾಡಿ ನೋಡಬೇಕು.

ಪರಸ್ಥಳದ ಕನ್ನಡಿಗನಿಗೆ ಇ-ಪುಸ್ತಕದ ಮತ್ತೊಂದು ಉಪಕಾರವು ಸ್ಥಳದ್ದು. ಒಂದು ಖೋಲಿಯ ಮನೆಯಲ್ಲಿ ಐದು ಜನರು ಮಲಗುವುದಕ್ಕೇ ಜಾಗ ಸಾಲದಿರುವಾಗ ಪುಸ್ತಕದ ಕಪಾಟನ್ನು ಎಲ್ಲಿಡುವುದು? ಓದುವ ಹಿರಿಯರು ತೀರಿಕೊಂಡ ಮೇಲೆ ಅವರ ಪುಸ್ತಕಗಳು ರದ್ದಿ ಅಂಗಡಿಯ ತಕ್ಕಡಿಗೆ ಬಿದ್ದುದನ್ನು ನಮ್ಮಲ್ಲಿ ಬಹುಮಂದಿ ಕಂಡಿರಬಹುದು. ಲಿಪಿ ಬಾರದ ಮೊಮ್ಮಕ್ಕಳಿಗೆ ಅದು ಕಾಗದವಷ್ಟೇ.

ಆದರೆ ನಷ್ಟಗಳನ್ನು ಮರೆಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಒಡೆತನದ ನಷ್ಟ. ೨೦೦೯ರ ಜುಲೈ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ವಿಲಕ್ಷಣ ಘಟನೆ ನಡೆಯಿತು. ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳನ್ನು ಹಕ್ಕಿಲ್ಲದವರು ಕಿಂಡಲಿಗಾಗಿ ಮಾರಿದ್ದರೆಂದು ತಿಳಿದಾಗ, ಅಮೆಜಾನ್ ಸಂಸ್ಥೆಯು ಕೊಂಡವರ ಯಂತ್ರಗಳಿಂದಲೇ ಆ ಪುಸ್ತಕಗಳನ್ನು ದೂರದಿಂದ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ಮುಂದೆ ಕ್ಷಮೆಯನ್ನೂ ಕೇಳಿತು. ಒಬ್ಬ ಪ್ರೌಢಶಾಲೆಯ ವಿದ್ಯಾರ್ಥಿಯು ಪಾಠಕ್ಕಾಗಿ ಬರೆದಿಟ್ಟಿದ್ದ ಟಿಪ್ಪಣಿಗಳು ಮಾತ್ರ ಮೂಲವಿಲ್ಲದೆ ನಿರುಪಯುಕ್ತವಾದವು. ಅಳಿಸಿದ ಎರಡರಲ್ಲಿ ಒಂದು, ಹಳೆಯ ಬರಹಗಳನ್ನು ನಾಶಮಾಡಿ ಚರಿತ್ರೆಯನ್ನೇ ತಿದ್ದುವ ಸರ್ಕಾರದ ಕಥೆಯುಳ್ಳ ‘೧೯೮೪’ ಎಂಬುದು ವಿಧಿಯ ಹಾಸ್ಯ. ೨೦೧೯ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಅಲ್ಲಿ ಕೊಂಡವರ ಪುಸ್ತಕಗಳೆಲ್ಲ ಅದೇ ಜುಲೈ ತಿಂಗಳಿಂದ ತೆರೆಯದಾದವು. ಅವರಿಗೂ ಹಣ ಹಿಂದಿರುಗಿತು. ಪುಸ್ತಕ ಮಾರಿದ ಅಂಗಡಿ ಮುಚ್ಚಿದರೆ ಮನೆಯ ಕಪಾಟಿನಲ್ಲಿರುವ ಪುಸ್ತಕ ಮಾಯವಾಗುವುದನ್ನು ಅಚ್ಚಿನ ಕಾಲದವರು ಕನಸಿನಲ್ಲಿಯೂ ಕಂಡಿರಲಾರರು. ಹತ್ತು ಕೈ ಬದಲಾದ ಆ ಕಾದಂಬರಿಯನ್ನು ನೆನೆಯಿರಿ. ಕೊಂಡ ಇ-ಪುಸ್ತಕವನ್ನು ಗೆಳೆಯನಿಗೆ ಎರವಲು ಕೊಡಲು ಸಾಮಾನ್ಯವಾಗಿ ಅನುಮತಿಯಿಲ್ಲ.

ಎರಡನೆಯ ನಷ್ಟವು ಗಮನದ್ದು. ನಾರ್ವೆ ದೇಶದಲ್ಲಿ ಹತ್ತನೆಯ ತರಗತಿಯ ೭೨ ವಿದ್ಯಾರ್ಥಿಗಳಿಗೆ ಒಂದೇ ಬರಹಗಳನ್ನು ಕೆಲವರಿಗೆ ಕಾಗದದ ಮೇಲೆ, ಉಳಿದವರಿಗೆ ಗಣಕದ ತೆರೆಯ ಮೇಲೆ ಓದಲು ಕೊಟ್ಟು ಪ್ರಶ್ನೆ ಕೇಳಿದರು. ಕಾಗದದ ಮೇಲೆ ಓದಿದವರು ಹೆಚ್ಚು ಚೆನ್ನಾಗಿ ಉತ್ತರಿಸಿದರೆಂಬ ಫಲಿತಾಂಶವು ೨೦೧೩ರಲ್ಲಿ ಪ್ರಕಟವಾಯಿತು. ಇಂತಹ ೫೪ ಅಧ್ಯಯನಗಳನ್ನು, ಒಟ್ಟು ೧,೭೦,೦೦೦ಕ್ಕೂ ಮಿಕ್ಕ ಓದುಗರನ್ನು ಒಳಗೊಂಡವುಗಳನ್ನು, ಒಟ್ಟಿಗೆ ತೂಗಿನೋಡಿದ ೨೦೧೮ರ ಸಮೀಕ್ಷೆಯೊಂದು ಇದನ್ನು ಇನ್ನೂ ಸ್ಪಷ್ಟಪಡಿಸಿತು. ವಿಷಯವನ್ನು ತಿಳಿಸುವ ಬರಹದಲ್ಲಿ, ಅದರಲ್ಲೂ ಸಮಯದ ಮಿತಿಯಿದ್ದಾಗ, ಕಾಗದಕ್ಕೆ ಮೇಲುಗೈ; ಕೇವಲ ಕಥೆಯಾದರೆ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಕಾರಣಗಳನ್ನು ವಿದ್ವಾಂಸರು ಚರ್ಚಿಸಲಿ. ತರಗತಿಯಲ್ಲಿ ನನಗೆ ಕಂಡದ್ದಿಷ್ಟು: ಪುಸ್ತಕದಲ್ಲಿ ಓದಿದ ಹುಡುಗನು “ಎಡಗಡೆಯ ಪುಟದಲ್ಲಿ, ಕೆಳಗೆ ಇದೆ ಗುರುಗಳೇ” ಎನ್ನುತ್ತಾನೆ. ತೆರೆಯ ಮೇಲಿನ ಅಕ್ಷರಗಳಿಗೆ ಎಡವೂ ಇಲ್ಲ, ಕೆಳಗೂ ಇಲ್ಲ. ಬೆರಳು ಸರಿಸಿದಂತೆ ಎಲ್ಲವೂ ಹರಿದುಹೋಗುತ್ತದೆ. ಜೊತೆಗೆ ಮೊಬೈಲೆಂಬುದು ಪುಸ್ತಕವೂ ಹೌದು, ಸಂತೆಯೂ ಹೌದು. ನಾಯಕನು ಕಾಡಿನಲ್ಲಿ ದಾರಿತಪ್ಪಿದ ಘಳಿಗೆಯಲ್ಲೇ ಸೋದರಮಾವನ ಶುಭೋದಯದ ಸಂದೇಶ ಬಂದು ಕುಣಿಯುತ್ತದೆ.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ಕೆಲವು ಮಾತುಗಳು. ಪರೀಕ್ಷೆಯ ಪಾಠಗಳನ್ನು ಕಾಗದದ ಮೇಲೆಯೇ ಓದಿರಿ. ಕಥೆ ಕಾದಂಬರಿಗಳನ್ನು ತೆರೆಯ ಮೇಲೆ ಓದುವುದರಿಂದ ಹಾನಿಯ ಮಾತಿಲ್ಲ. ಮೊಬೈಲಿನಲ್ಲಿ ಓದಲು ಕುಳಿತಾಗ ಪುಸ್ತಕವನ್ನು ಮೊದಲೇ ಇಳಿಸಿಕೊಂಡು ಜಾಲದ ಸಂಪರ್ಕವನ್ನು ಕಡಿದುಬಿಡಿರಿ. ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳಿರಿ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ತಾಯಿ ಅಡಿಗೆ ಮಾಡುವಾಗ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಿರಿ. ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರಿಗೆ ಕನ್ನಡ ಕೇಳುವ ಆಸೆಯಿದೆ, ಓದುವ ಬಿಡುವಿಲ್ಲ. ಈ ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಓಲೆಗರಿಯ ಕಾಲದ ಸುಖವು ಇದರಿಂದಲೇ ಒಂದು ಖೋಲಿಯ ಮನೆಯೊಳಕ್ಕೂ ಬರಬಲ್ಲುದು. ಅದಕ್ಕೆ ಕಾಗದವಾದರೂ ಸರಿ, ತೆರೆಯಾದರೂ ಸರಿ.

ಕೊನೆಯದಾಗಿ, ಚಿತ್ರ-ಪುಸ್ತಕವನ್ನು ಅಕ್ಷರ-ಪುಸ್ತಕವಾಗಿ ಮಾಡುವ ಕೆಲಸದಲ್ಲಿ ನೀವೂ ಕೈಗೂಡಿಸಬಹುದು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ೬೦ ವರ್ಷಗಳ ಅನಂತರ ಅವರ ಕೃತಿಗಳು ಎಲ್ಲರ ಸ್ವತ್ತಾಗುತ್ತವೆ. ಗುಲ್ವಾಡಿ ವೆಂಕಟರಾಯರು ೧೯೧೩ರಲ್ಲಿ, ಎಂ. ಎಸ್. ಪುಟ್ಟಣ್ಣನವರು ೧೯೩೦ರಲ್ಲಿ, ಗಳಗನಾಥರು ೧೯೪೨ರಲ್ಲಿ ತೀರಿಕೊಂಡರು. ಇವರ ಬರಹಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಬೆರಳಚ್ಚು ಮಾಡಬಹುದು. ಕನ್ನಡ ವಿಕಿಸೋರ್ಸ್ ಎಂಬ ತಾಣದಲ್ಲಿ ಒಂದು ಬದಿಗೆ ಹಳೆಯ ಪುಟದ ಚಿತ್ರವನ್ನೂ ಇನ್ನೊಂದು ಬದಿಗೆ ಯಂತ್ರವು ಗುರುತಿಸಿದ ಅಕ್ಷರಗಳನ್ನೂ ಇಟ್ಟು ತಿದ್ದುವ ವ್ಯವಸ್ಥೆಯಿದೆ. ಒಬ್ಬರು ತಿದ್ದಿದುದನ್ನು ಇನ್ನೊಬ್ಬರು ಪರಿಶೀಲಿಸಬೇಕು. ಯಂತ್ರವು ‘ಪ’ಕಾರವನ್ನು ‘ಷ’ಕಾರವೆಂದೂ, ‘ದ’ಕಾರವನ್ನು ‘ಧ’ಕಾರವೆಂದೂ ಓದೀತು, ಒತ್ತಕ್ಷರವನ್ನು ನುಂಗೀತು. ಕನ್ನಡದ ಸೊನ್ನೆಯೆಂಬ ಅಂಕಿಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಗಣಕಕ್ಕೆ ಬೇರೆ ಬೇರೆ. ‘ಮ೦ಗಳೂರು’ ಎಂದು ಅಂಕಿಯನ್ನು ಹಾಕಿ ಬರೆದರೆ ಓದುವವರಿಗೆ ಏನೂ ತಿಳಿಯದು, ಆದರೆ ಹುಡುಕುವವರಿಗೆ ಆ ಊರು ಎಂದಿಗೂ ಸಿಕ್ಕದು. ಹಾಗೆಯೇ ಅರ್ಕಾವೊತ್ತಿನ ಬದಲು ಒಂಬತ್ತರ ಅಂಕಿಯನ್ನು ಹಾಕಿ ‘ಧಮ೯’ ಎಂದು ಬರೆಯುವ ಅಭ್ಯಾಸವೂ ಉಂಟು. ಇಂತಹವನ್ನು ಹಿಡಿಯಲು ಕನ್ನಡ ಓದಬಲ್ಲ ಎಳೆಯ ಕಣ್ಣುಗಳೇ ಬೇಕು. ಆಸಕ್ತರಾದ ಎಂಟು ಮತ್ತು ಒಂಬತ್ತನೆಯ ತರಗತಿಯವರು ಶನಿವಾರದ ಕೊನೆಯ ಅವಧಿಯಲ್ಲಿ ಗಣಕದ ಕೊಠಡಿಗೆ ಬರಬಹುದು. ಇಬ್ಬಿಬ್ಬರು ಜೊತೆಯಾಗಿ ಕುಳಿತು, ಒಬ್ಬರು ಚಿತ್ರವನ್ನು ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಿದ್ದಬೇಕು. ಒಂದು ಸಲಕ್ಕೆ ಒಂದು ಪುಟ ಸಾಕು.